ಪಾಪ್ ಹಾಡು ಪಾಠವಾದ ಕಥೆ

ಶಾಲೆಯ ಇಂಗ್ಲಿಷ್ ಪುಸ್ತಕದಲ್ಲಿರುವ ಹನ್ನೆರಡು ಸಾಲಿನ ಪದ್ಯವನ್ನು ಬಾಯಿಪಾಠ ಮಾಡಲು ವಾರವಿಡೀ ಒದ್ದಾಡುವ ಮಕ್ಕಳು, ಅರವತ್ತು ಸಾಲಿನ ಇಂಗ್ಲಿಷ್ ಪಾಪ್ ಹಾಡನ್ನು ಒಂದಕ್ಷರ ತಪ್ಪದೆ ಒಪ್ಪಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಮುಂಬಯಿಯಿರಲಿ, ಪುಣೆಯಿರಲಿ, ಚೆನ್ನೈ, ದೆಹಲಿಗಳಿರಲಿ, ಊರು ಬಿಟ್ಟು ಬಂದು ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಇದೇನೂ ಹೊಸ ಸಂಗತಿಯಲ್ಲ. ಹಿಂದೆ ರೇಡಿಯೋ ಸಿಲೋನ್ ಇತ್ತು. ಆಮೇಲೆ ಕ್ಯಾಸೆಟ್ ಬಂತು. ಈಗ ಹಾಡು ಮಕ್ಕಳ ಕಿವಿಯೊಳಗೇ ಕುಳಿತಿರುತ್ತದೆ. ‘ಇದರ ಕಾಲು ಭಾಗ ಶ್ರದ್ಧೆ ಪಾಠದ ಮೇಲಿದ್ದರೆ!’ ಎಂದು ಹಿರಿಯರು ಗೊಣಗುವುದೂ ಅಷ್ಟೇ ಹಳೆಯದು.

ಆ ಹಾಡನ್ನೇ ಪಾಠ ಮಾಡಿದರೆ ಹೇಗೆ? ಈ ಪ್ರಶ್ನೆಯನ್ನು ತಮಾಷೆಗೆ ಕೇಳುತ್ತಿಲ್ಲ. ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ 1960ರ ದಶಕದಿಂದೀಚೆಗೆ ಅನೇಕ ಅಧ್ಯಾಪಕರು ಇದನ್ನು ಮಾಡಿ ನೋಡಿದ್ದಾರೆ. ಅದಕ್ಕಾಗಿ ಬೈಸಿಕೊಂಡಿದ್ದಾರೆ, ಮೆಚ್ಚಿಗೆಯನ್ನೂ ಪಡೆದಿದ್ದಾರೆ. 2016ರಲ್ಲಿ ಅಮೆರಿಕದ ಹಾಡುಗಾರ ಬಾಬ್ ಡಿಲನ್‌ಗೆ ಸಾಹಿತ್ಯದ ನೊಬೆಲ್ ಪಾರಿತೋಷಕ ದೊರೆತಾಗ ಇಡೀ ಜಗತ್ತು ಈ ವಾದದಲ್ಲಿ ಎರಡು ಪಂಗಡವಾಯಿತು. ಗಿಟಾರು ಹಿಡಿದು ಹಾಡುವವನು ಸಾಹಿತಿಯೇ? ಹಾಡು ಪಠ್ಯವಾಗಬಹುದೇ?

ಚರಿತ್ರೆಯ ಪುಟಗಳನ್ನು ತಿರುವಿದರೆ ಈ ಪ್ರಶ್ನೆಯ ಮುಖವೇ ಬದಲಾಗುತ್ತದೆ. ಇಂಗ್ಲಿಷ್ ಕವಿತೆಗೆ ಹಾಡು ಹೊರಗಿನಿಂದ ಬಂದ ಅತಿಥಿಯಲ್ಲ, ಮನೆಯ ಹಿರಿಯಕ್ಕ. ಸಾಹಿತ್ಯವು ಪರೀಕ್ಷೆಯ ವಿಷಯವಾದ ದಿನಗಳಲ್ಲಿ ಅವಳನ್ನು ಹೊರಗೆ ಕೂರಿಸಲಾಯಿತು. ಪಾಪ್ ಹಾಡಿನ ನೆಪದಲ್ಲಿ ಅವಳು ಮತ್ತೆ ಒಳಗೆ ಬಂದಿದ್ದಾಳೆ. ಈ ಹೋಗುಬರುವಿನ ಕಥೆಯಲ್ಲಿ ನಮ್ಮ ದೇಶದ ಪಾತ್ರವೂ ಇದೆ, ಕನ್ನಡದ ಪಾತ್ರವೂ ಇದೆ.

ಹಾಡೇ ಮೊದಲು

ನಾವು ಭಾವಗೀತೆ ಎಂದು ಕರೆಯುವ ಪ್ರಕಾರಕ್ಕೆ ಇಂಗ್ಲಿಷಿನಲ್ಲಿ ಲಿರಿಕ್ ಎಂದು ಹೆಸರು. ಲೈರ್ ಎಂಬ ಗ್ರೀಕರ ತಂತಿವಾದ್ಯದಿಂದ ಆ ಹೆಸರು ಬಂತು. ವಾದ್ಯದೊಡನೆ ಹಾಡುವ ಪದ್ಯವೇ ಲಿರಿಕ್. ಇಂದು ಪಾಪ್ ಹಾಡಿನ ಮಾತುಗಳನ್ನೂ ‘ಲಿರಿಕ್ಸ್’ ಎಂದೇ ಕರೆಯುತ್ತಾರೆ. ಮಕ್ಕಳು ದಿನವೂ ಆಡುವ ಆ ಮಾತಿನೊಳಗೆ ಎರಡೂವರೆ ಸಾವಿರ ವರ್ಷಗಳ ನೆನಪು ಅಡಗಿದೆ.

ಷೇಕ್ಸ್‌ಪಿಯರನ ಕಾಲದಲ್ಲಿ ಹಾಡಿಗೂ ಕವಿತೆಗೂ ನಡುವೆ ಗೋಡೆ ಇರಲಿಲ್ಲ. ಅವನ ನಾಟಕಗಳ ತುಂಬ ಹಾಡುಗಳಿವೆ. ‘ಆ್ಯಸ್ ಯು ಲೈಕ್ ಇಟ್’ ನಾಟಕದಲ್ಲಿ ಬರುವ ಒಂದು ಹಾಡನ್ನು ಥಾಮಸ್ ಮಾರ್ಲಿ ಎಂಬ ಸಂಗೀತಗಾರ ಸ್ವರ ಹಾಕಿ 1600ರಲ್ಲಿಯೇ ಅಚ್ಚು ಮಾಡಿಸಿದ್ದ. ಅದೇ ಕಾಲದ ಥಾಮಸ್ ಕ್ಯಾಂಪಿಯನ್ ವೃತ್ತಿಯಿಂದ ವೈದ್ಯ. ತನ್ನ ಹಾಡುಗಳಿಗೆ ಮಾತನ್ನೂ ಧಾಟಿಯನ್ನೂ ತಾನೇ ಕಟ್ಟುತ್ತಿದ್ದ. ನಮ್ಮ ದಾಸರಂತೆ ಅವನೂ ವಾಗ್ಗೇಯಕಾರ. ಮುಂದೆ ಜನ ಅವನನ್ನು ಎಷ್ಟು ಮರೆತರೆಂದರೆ, 1889ರಲ್ಲಿ ಎ. ಎಚ್. ಬುಲ್ಲೆನ್ ಎಂಬ ವಿದ್ವಾಂಸ ಅವನ ಕೃತಿಗಳನ್ನು ಹೊಸದಾಗಿ ಪ್ರಕಟಿಸಿದ ಮೇಲೆಯೇ ಅವನಿಗೆ ಕವಿಗಳ ಸಾಲಿನಲ್ಲಿ ಮತ್ತೆ ಜಾಗ ಸಿಕ್ಕಿತು.

ಇನ್ನು ಬ್ಯಾಲಡ್ ಎಂಬ ಪ್ರಕಾರ. ನಮ್ಮ ಲಾವಣಿಗೆ ಇದು ತೀರ ಹತ್ತಿರದ ನೆಂಟ. ಕೊಲೆ, ಪ್ರೇಮ, ಯುದ್ಧ, ಹಡಗು ಮುಳುಗಿದ ಸುದ್ದಿ ಇವೆಲ್ಲ ಹಳ್ಳಿಗರ ಬಾಯಲ್ಲಿ ಕಥನಗೀತೆಗಳಾಗಿ ಓಡಾಡುತ್ತಿದ್ದವು. ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಥಾಮಸ್ ಪರ್ಸಿ ಎಂಬ ಪಾದ್ರಿ ಶ್ರಾಪ್‌ಷೈರ್ ಸೀಮೆಯ ಗೆಳೆಯರೊಬ್ಬರ ಮನೆಗೆ ಹೋಗಿದ್ದಾಗ ಕಪಾಟಿನ ಕೆಳಗೆ ಹಳೆಯದೊಂದು ಕೈಬರಹದ ಪುಸ್ತಕ ಬಿದ್ದಿರುವುದನ್ನು ಕಂಡ. ಮನೆಗೆಲಸದ ಹೆಂಗಸರು ಬೆಂಕಿ ಹೊತ್ತಿಸಲು ಅದರ ಹಾಳೆಗಳನ್ನು ಹರಿದುಕೊಳ್ಳುತ್ತಿದ್ದರು. ಒಲೆಯ ಪಾಲಾಗದೆ ಉಳಿದ ಆ ಪುಟಗಳಲ್ಲಿ ಹಳೆಯ ಬ್ಯಾಲಡುಗಳಿದ್ದವು. ಅವುಗಳ ಬಲದಿಂದ ಪರ್ಸಿ 1765ರಲ್ಲಿ ಹೊರತಂದ ಸಂಕಲನವೇ ‘ರೆಲಿಕ್ಸ್’. ಕವಿಗಳು ಅದನ್ನು ಮುಗಿಬಿದ್ದು ಓದಿದರು. 1798ರಲ್ಲಿ ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ ಸೇರಿ ತಂದ ಹೊಸ ಯುಗದ ಪುಸ್ತಕಕ್ಕೆ ‘ಲಿರಿಕಲ್ ಬ್ಯಾಲಡ್ಸ್’ ಎಂದೇ ಹೆಸರಿಟ್ಟರು. ಶೀರ್ಷಿಕೆಯ ಎರಡು ಶಬ್ದಗಳೂ ಹಾಡಿನವೇ. ಸ್ಕಾಟ್‌ಲೆಂಡಿನ ರೈತಕವಿ ರಾಬರ್ಟ್ ಬರ್ನ್ಸ್ ತನ್ನ ಕೊನೆಯ ವರ್ಷಗಳನ್ನು ಹಳ್ಳಿಹಾಡುಗಳನ್ನು ಕೂಡಿಸುವುದರಲ್ಲಿ, ಹರಿದುಹೋದ ಪದಗಳಿಗೆ ತೇಪೆ ಹಾಕುವುದರಲ್ಲಿ, ಹಳೆಯ ಮಟ್ಟುಗಳಿಗೆ ಹೊಸ ಹಾಡು ಕಟ್ಟುವುದರಲ್ಲಿ ಕಳೆದ. ಈ ಕೆಲಸಕ್ಕೆ ಹಣ ತೆಗೆದುಕೊಳ್ಳಲು ಅವನು ಒಪ್ಪಲಿಲ್ಲ.

ಇಲ್ಲಿ ಒಬ್ಬ ಮುದುಕಿಯನ್ನು ನೆನೆಯಲೇಬೇಕು. ವಾಲ್ಟರ್ ಸ್ಕಾಟ್ 1802ರ ಸುಮಾರಿಗೆ ತನ್ನ ಬ್ಯಾಲಡ್ ಸಂಗ್ರಹಕ್ಕಾಗಿ ಗಡಿನಾಡಿನ ಹಳ್ಳಿಗಳನ್ನು ಸುತ್ತುತ್ತಿದ್ದ. ಕುರಿ ಕಾಯುತ್ತಿದ್ದ ಕವಿ ಜೇಮ್ಸ್ ಹಾಗ್‌ನ ತಾಯಿ ಮಾರ್ಗರೆಟ್ ಲೇಡ್ಲಾಗೆ ಅಂಥ ಹಾಡುಗಳು ರಾಶಿರಾಶಿ ಬರುತ್ತಿದ್ದವು. ಆಕೆ ಸ್ಕಾಟನ ಮುಖಕ್ಕೇ ಹೇಳಿದಳಂತೆ: ಇವು ಹಾಡಲು ಹುಟ್ಟಿದವೇ ಹೊರತು ಓದಲು ಹುಟ್ಟಿದವಲ್ಲ, ನೀನು ಅಚ್ಚು ಹಾಕಿಸಿ ಕೆಡಿಸಿಬಿಟ್ಟೆ, ಇನ್ನು ಯಾರೂ ಹಾಡುವುದಿಲ್ಲ ಎಂದು. ಮಗ ಬರೆದಿಟ್ಟಿದ್ದರಿಂದ ಈ ಮಾತು ನಮಗೆ ಉಳಿಯಿತು. ಇದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಮತ್ತೊಬ್ಬರ ಬಾಯಲ್ಲಿ ಇದೇ ಮಾತು ಬರಲಿದೆ.

ಸಾಹಿತ್ಯ ಪರೀಕ್ಷೆಗೆ ಕುಳಿತಾಗ

ಇಂಗ್ಲಿಷ್ ಸಾಹಿತ್ಯ ಒಂದು ‘ವಿಷಯ’ವಾಗಿ ಬೆಳೆದದ್ದರಲ್ಲಿ ನಮ್ಮ ದೇಶದ ಪಾಲು ದೊಡ್ಡದು. ಆಕ್ಸ್‌ಫರ್ಡ್ ಕೇಂಬ್ರಿಜ್‌ಗಳಲ್ಲಿ ಗ್ರೀಕ್ ಲ್ಯಾಟಿನ್‌ಗಳೇ ವಿದ್ಯೆ ಎನಿಸಿಕೊಂಡಿದ್ದ ಕಾಲದಲ್ಲಿ, 1817ರಲ್ಲಿ ಆರಂಭವಾದ ಕಲ್ಕತ್ತೆಯ ಹಿಂದೂ ಕಾಲೇಜಿನಲ್ಲಿ ನಮ್ಮ ಹುಡುಗರು ಷೇಕ್ಸ್‌ಪಿಯರ್ ಮತ್ತು ಮಿಲ್ಟನ್ನರನ್ನು ಓದುತ್ತಿದ್ದರು. 1835ರಲ್ಲಿ ಮೆಕಾಲೆಯ ಟಿಪ್ಪಣಿ ಬಂತು, ಸರ್ಕಾರದ ಹಣ ಇಂಗ್ಲಿಷ್ ವಿದ್ಯಾಭ್ಯಾಸದ ಕಡೆ ಹರಿಯಿತು. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದವು. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯ ಪದವಿಯ ವಿಷಯವಾದದ್ದು 1890ರ ದಶಕದಲ್ಲಿ, ಕೇಂಬ್ರಿಜ್‌ನಲ್ಲಿ 1917ರಲ್ಲಿ. ಆಕ್ಸ್‌ಫರ್ಡಿನಲ್ಲಿ 1904ರಲ್ಲಿ ಇಂಗ್ಲಿಷ್ ಸಾಹಿತ್ಯದ ಪೀಠವನ್ನು ಮೊದಲು ಅಲಂಕರಿಸಿದ ವಾಲ್ಟರ್ ರ‍್ಯಾಲೆ ಅದಕ್ಕೆ ಮುಂಚೆ, 1885ರಿಂದ 1887ರವರೆಗೆ, ನಮ್ಮ ಆಲಿಗಢದ ಕಾಲೇಜಿನಲ್ಲಿ ಪಾಠ ಹೇಳಿದವರು! ಗೌರಿ ವಿಶ್ವನಾಥನ್ ಅವರು 1989ರಲ್ಲಿ ಪ್ರಕಟಿಸಿದ ‘ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್’ ಎಂಬ ಗ್ರಂಥದಲ್ಲಿ, ಆಳುವವರು ಈ ವಿಷಯವನ್ನು ಇಲ್ಲಿ ಹೇಗೆ ಆಡಳಿತದ ಸಾಧನವನ್ನಾಗಿ ಬೆಳೆಸಿದರೆಂಬುದನ್ನು ವಿವರವಾಗಿ ತೋರಿಸಿದ್ದಾರೆ.

ಪರೀಕ್ಷೆ ಎಂದ ಮೇಲೆ ಪ್ರಶ್ನೆಗೆ ಉತ್ತರ ಬೇಕು, ಉತ್ತರಕ್ಕೆ ಅಂಕ ಬೇಕು. ಧಾಟಿಗೆ ಅಂಕ ಕೊಡುವುದು ಹೇಗೆ? ಹೀಗಾಗಿ ಮಾತು ಪುಸ್ತಕದಲ್ಲಿ ಉಳಿಯಿತು, ಧಾಟಿ ಹೊರಗೆ ಹೋಯಿತು. 1861ರಲ್ಲಿ ಪಾಲ್‌ಗ್ರೇವ್ ಸಂಪಾದಿಸಿದ ‘ಗೋಲ್ಡನ್ ಟ್ರೆಷರಿ’ ನಮ್ಮ ಕಾಲೇಜುಗಳಲ್ಲಿ ದಶಕಗಳ ಕಾಲ ಪಠ್ಯವಾಗಿತ್ತು. ಆ ಪುಸ್ತಕದ ಪೂರ್ಣ ಹೆಸರಿನಲ್ಲಿ ಇಂಗ್ಲಿಷ್ ಭಾಷೆಯ ಅತ್ಯುತ್ತಮ ಹಾಡುಗಳು ಮತ್ತು ಭಾವಗೀತೆಗಳು ಎಂಬ ಅರ್ಥ ಸ್ಪಷ್ಟವಾಗಿ ಇದೆ. ಹಾಡುಗಳ ಆ ಭಂಡಾರವನ್ನು ನಮ್ಮ ಅಜ್ಜಂದಿರು ಟಿಪ್ಪಣಿ ಪುಸ್ತಕದ ಸಹಾಯದಿಂದ ಉರು ಹೊಡೆದರು. ಯಾರೂ ಹಾಡಲಿಲ್ಲ.

ಇಂಗ್ಲೆಂಡ್ ಅಮೆರಿಕಗಳಲ್ಲೂ ಇದೇ ಆಯಿತು. ಹಾರ್ವರ್ಡಿನಲ್ಲಿ 1876ರಲ್ಲಿ ಮೊದಲ ಇಂಗ್ಲಿಷ್ ಪ್ರಾಧ್ಯಾಪಕರಾದ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ 305 ಬ್ಯಾಲಡುಗಳನ್ನು ಅವುಗಳ ಪಾಠಾಂತರಗಳೊಡನೆ 1882ರಿಂದ 1898ರವರೆಗೆ ಪ್ರಕಟಿಸಿದರು. ಅದು ಭಗೀರಥ ಪ್ರಯತ್ನ. ಆದರೆ ಅವರ ಗಮನವೆಲ್ಲ ಮಾತಿನ ಮೇಲೆ. 1916ರಿಂದ 1918ರವರೆಗೆ ಸೆಸಿಲ್ ಶಾರ್ಪ್ ಅಮೆರಿಕದ ಅಪಲೇಚಿಯನ್ ಬೆಟ್ಟಗಳನ್ನು ಹತ್ತಿಳಿದಾಗ, ಗ್ರಂಥದಲ್ಲಿ ಮಲಗಿದ್ದ ಅದೇ ಬ್ಯಾಲಡುಗಳನ್ನು ಅಲ್ಲಿಯ ಬಡ ರೈತರು ಇನ್ನೂ ಹಾಡುತ್ತಿದ್ದುದನ್ನು ಕೇಳಿ ಬರೆದುಕೊಂಡರು. 1929ರಲ್ಲಿ ಕೇಂಬ್ರಿಜ್‌ನ ಐ. ಎ. ರಿಚರ್ಡ್ಸ್ ಕವಿಯ ಹೆಸರು, ಕಾಲ ಯಾವುದನ್ನೂ ತಿಳಿಸದೆ ಪದ್ಯವನ್ನಷ್ಟೇ ವಿದ್ಯಾರ್ಥಿಗಳ ಕೈಗಿತ್ತು ಓದಿಸಿದ ಪ್ರಯೋಗದ ಫಲವನ್ನು ಪುಸ್ತಕ ಮಾಡಿದರು. ಪದ್ಯವನ್ನು ನಿಕಟವಾಗಿ ಓದುವ ಈ ವಿಧಾನದಿಂದ ಲಾಭ ಬಹಳ ಆಯಿತು. ಆದರೆ ಪದ್ಯವೆಂದರೆ ಕಾಗದದ ಮೇಲಿನ ಮೌನವಾದ ವಸ್ತು ಎಂಬ ಭಾವನೆಯೂ ಅದರ ಜೊತೆಗೆ ಬೇರೂರಿತು.

ಮೈಸೂರಿನ ಒಂದು ಪಾಠ

ಇಂಥ ಪಾಠಶಾಲೆಯೊಳಗಿದ್ದುಕೊಂಡೇ ಹಾಡಿನ ಎಳೆಯನ್ನು ಹಿಡಿದ ಒಬ್ಬ ಅಧ್ಯಾಪಕರು ಕನ್ನಡದವರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ. ಎಂ. ಶ್ರೀಕಂಠಯ್ಯನವರು ‘ಗೋಲ್ಡನ್ ಟ್ರೆಷರಿ’ಯ ಅನೇಕ ಕವಿತೆಗಳನ್ನು ಕನ್ನಡಕ್ಕೆ ತಂದರು. ಆ ಸಂಕಲನಕ್ಕೆ ಅವರಿಟ್ಟ ಹೆಸರು ‘ಇಂಗ್ಲಿಷ್ ಗೀತಗಳು’. ಪದ್ಯಗಳು ಎನ್ನಲಿಲ್ಲ, ಕವಿತೆಗಳು ಎನ್ನಲಿಲ್ಲ, ‘ಗೀತಗಳು’ ಎಂದರು. 1920ರ ದಶಕದ ಆ ಪುಸ್ತಕದಲ್ಲಿ ಆದಿಪ್ರಾಸದ ಕಟ್ಟು ಸಡಿಲವಾಯಿತು. ಕಿವಿಗೆ ಹಿತವಾಗುವ ಹೊಸ ಲಯಗಳು ಬಂದವು. ಹೊಸಗನ್ನಡದ ಭಾವಗೀತೆ ಆ ದಾರಿಯಲ್ಲಿ ನಡೆಯಿತು.

ಕಾರ್ಡಿನಲ್ ನ್ಯೂಮನ್ 1833ರಲ್ಲಿ ಹಡಗಿನ ಪ್ರಯಾಣದಲ್ಲಿ ಬರೆದ, ಗಾಂಧೀಜಿಯವರಿಗೆ ಅಚ್ಚುಮೆಚ್ಚಾಗಿದ್ದ ಪ್ರಾರ್ಥನೆಯನ್ನು ಶ್ರೀಯವರ ಕನ್ನಡದಲ್ಲಿ ಕೇಳದ ಕನ್ನಡಿಗರು ಕಡಮೆ. ನಮ್ಮ ಸಂಘದ ಸಮಾರಂಭಗಳೂ ಎಷ್ಟೋ ಸಲ ಆ ಹಾಡಿನಿಂದಲೇ ಆರಂಭವಾಗಿವೆ. ಅದು ಅನುವಾದವೆಂಬುದು ಹಾಡುವವರಲ್ಲಿ ಅನೇಕರಿಗೆ ನೆನಪೇ ಇರುವುದಿಲ್ಲ. ಇಂಗ್ಲಿಷ್ ತರಗತಿಯಲ್ಲಿ ಮೌನವಾಗಿದ್ದ ಕವಿತೆಗೆ ಕನ್ನಡದ ಬಾಯಲ್ಲಿ ಮತ್ತೆ ದನಿ ಬಂತು. ಗಮಕಿಗಳು ಕುಮಾರವ್ಯಾಸನನ್ನು ಓದುವಾಗ ಊರೇ ಕುಳಿತು ಕೇಳುತ್ತಿದ್ದ ನಾಡಿನಲ್ಲಿ ಇದು ಸಹಜವೂ ಆಗಿತ್ತು.

ಅರವತ್ತರ ದಶಕದ ಬಿರುಗಾಳಿ

ಇಂಗ್ಲೆಂಡಿನಲ್ಲಿ ಕಾಲ ಬೇರೆಯಾಗಿತ್ತು. 1933ರಲ್ಲಿ ಎಫ್. ಆರ್. ಲೀವಿಸ್ ಮತ್ತು ಡೆನಿಸ್ ಥಾಂಪ್ಸನ್ ಅಧ್ಯಾಪಕರಿಗಾಗಿ ಒಂದು ಪುಸ್ತಕ ಬರೆದರು. ಜಾಹೀರಾತು, ಅಗ್ಗದ ಕಾದಂಬರಿ ಮುಂತಾದವುಗಳ ಸೆಳೆತವನ್ನು ಎದುರಿಸಿ ನಿಲ್ಲುವ ವಿವೇಕವನ್ನು ಮಕ್ಕಳಿಗೆ ಕಲಿಸಬೇಕು ಎಂಬುದು ಅದರ ಸಾರ. ಇಂಗ್ಲಿಷ್ ಮೇಷ್ಟ್ರು ಎಂದರೆ ಬಾಗಿಲು ಕಾಯುವವರು; ಪೇಟೆಯ ಹಾಡು ಒಳಗೆ ಬಾರದಂತೆ ನೋಡಿಕೊಳ್ಳುವವರು.

ಎರಡನೆಯ ಮಹಾಯುದ್ಧದ ನಂತರ ಎಲ್ಲ ವರ್ಗದ ಮಕ್ಕಳೂ ಹೈಸ್ಕೂಲಿಗೆ ಬಂದರು. ಶಾಲೆ ಬಿಡುವ ಕನಿಷ್ಠ ವಯಸ್ಸು 1947ರಲ್ಲಿ 15ಕ್ಕೆ, 1972ರಲ್ಲಿ 16ಕ್ಕೆ ಏರಿತು. ಕಾರ್ಖಾನೆ ಕಾರ್ಮಿಕರ ಆ ಮಕ್ಕಳ ಮನೆಯಲ್ಲಿ ಪುಸ್ತಕವಿರಲಿಲ್ಲ, ಗ್ರಾಮಫೋನು ತಟ್ಟೆಗಳಿದ್ದವು. ಕೀಟ್ಸ್ ಎಂದರೆ ಆಕಳಿಸುವವರನ್ನು ಎದುರಿಗಿಟ್ಟುಕೊಂಡು ಅಧ್ಯಾಪಕರು ಏನು ಮಾಡಬೇಕು? 1960ರಲ್ಲಿ ಅಲ್ಲಿಯ ರಾಷ್ಟ್ರೀಯ ಅಧ್ಯಾಪಕರ ಸಂಘ ಜನಪ್ರಿಯ ಸಂಸ್ಕೃತಿಯನ್ನು ಕುರಿತೇ ಒಂದು ಸಮ್ಮೇಳನ ನಡೆಸಿತು. ಜಮೈಕಾದಿಂದ ಬಂದು ಲಂಡನ್ನಿನ ಶಾಲೆಗಳಲ್ಲಿ ಪಾಠ ಹೇಳಿದ್ದ ಸ್ಟುಅರ್ಟ್ ಹಾಲ್ ಮತ್ತು ಪ್ಯಾಡಿ ವಾನೆಲ್ 1964ರಲ್ಲಿ ‘ದಿ ಪಾಪ್ಯುಲರ್ ಆರ್ಟ್ಸ್’ ಬರೆದರು. ಅವರ ವಾದ ಸರಳವಾಗಿತ್ತು: ಜನಪ್ರಿಯವೆಂದ ಮಾತ್ರಕ್ಕೆ ಎಲ್ಲವೂ ಕಳಪೆಯಲ್ಲ, ಅದರೊಳಗೇ ಒಳ್ಳೆಯದು ಕೆಟ್ಟದ್ದಿದೆ, ಅವೆರಡನ್ನು ಬೇರ್ಪಡಿಸುವ ಕಿವಿಯನ್ನು ಮಕ್ಕಳಿಗೆ ಕೊಡುವುದೇ ಪಾಠ. 1965ರಲ್ಲಿ ಬಂದ ಹೊಸ ಶಾಲಾಂತ್ಯ ಪರೀಕ್ಷೆಯ ಒಂದು ಮಾದರಿಯಲ್ಲಿ ಅಧ್ಯಾಪಕರೇ ಪಠ್ಯಕ್ರಮವನ್ನು ರೂಪಿಸಿಕೊಳ್ಳಲು ಅವಕಾಶವಿತ್ತು. ಬಾಗಿಲು ತೆರೆಯಿತು.

ಅದೇ ಹೊತ್ತಿಗೆ ಹಾಡುಗಳೂ ಬೆಳೆದಿದ್ದವು. 1967ರಲ್ಲಿ ಬೀಟಲ್ಸ್ ತಂಡದವರು ‘ಸಾರ್ಜೆಂಟ್ ಪೆಪ್ಪರ್’ ತಟ್ಟೆಯ ಹೊದಿಕೆಯ ಹಿಂಬದಿಯಲ್ಲಿ ಹಾಡುಗಳ ಮಾತುಗಳನ್ನು ಪೂರ್ತಿಯಾಗಿ ಅಚ್ಚು ಮಾಡಿಸಿದರು. ಕೇಳುವವರು ಓದುಗರೂ ಆದರು. ಅದೇ ವರ್ಷ ಲಿವರ್‌ಪೂಲಿನ ಮೂವರು ಕವಿಗಳ ‘ದಿ ಮರ್ಸಿ ಸೌಂಡ್’ ಎಂಬ ಸಂಕಲನ ಬಂದು ಲಕ್ಷಗಟ್ಟಲೆ ಮಾರಾಟವಾಯಿತು. ಕೆನಡಾದಲ್ಲಿ 1956ರಿಂದಲೇ ಕವನ ಸಂಕಲನಗಳನ್ನು, ಆಮೇಲೆ ಕಾದಂಬರಿಗಳನ್ನು ಪ್ರಕಟಿಸಿದ್ದ ಲೆನರ್ಡ್ ಕೋಹೆನ್ 1967ರಲ್ಲಿ ಗಿಟಾರು ಹಿಡಿದು ಹಾಡುಗಾರನಾದ. 1969ರಲ್ಲಿ ನ್ಯೂಯಾರ್ಕಿನ ಪತ್ರಕರ್ತ ರಿಚರ್ಡ್ ಗೋಲ್ಡ್‌ಸ್ಟೈನ್ ರಾಕ್ ಹಾಡುಗಳ ಮಾತುಗಳನ್ನಷ್ಟೇ ಸಂಗ್ರಹಿಸಿ ‘ದಿ ಪೊಯಟ್ರಿ ಆಫ್ ರಾಕ್’ ಎಂಬ ಪುಸ್ತಕ ತಂದ. ಅಧ್ಯಾಪಕರ ಕೈಗೆ ಈಗ ಸಾಮಗ್ರಿ ಬಂದಿತ್ತು.

ಪಾಠ ಹೇಗೆ ನಡೆಯುತ್ತದೆ?

ಹಾಡು ಹಾಕಿ ತಲೆದೂಗಿದರೆ ಪಾಠವಾಗುವುದಿಲ್ಲ. ಈ ವಿಧಾನದ ಬಲ ಇರುವುದು ಹಾಡನ್ನೂ ಕವಿತೆಯನ್ನೂ ಎದುರು ಬದರು ಕೂರಿಸುವುದರಲ್ಲಿ. ಕೆಲವು ನಿದರ್ಶನಗಳನ್ನು ನೋಡೋಣ.

ಅಮೆರಿಕದ ಕವಿ ಎಡ್ವಿನ್ ಆರ್ಲಿಂಗ್ಟನ್ ರಾಬಿನ್ಸನ್ 1897ರ ತನ್ನ ಸಂಕಲನದಲ್ಲಿ ‘ರಿಚರ್ಡ್ ಕೋರಿ’ ಎಂಬ ಹದಿನಾರು ಸಾಲಿನ ಕವಿತೆ ಬರೆದಿದ್ದಾನೆ. ಊರಿನ ಸಿರಿವಂತ, ಸುಂದರ, ಸಭ್ಯ. ಬಡವರೆಲ್ಲ ಅವನಂತಾಗಬೇಕೆಂದು ಹಂಬಲಿಸುತ್ತಾರೆ. ಒಂದು ರಾತ್ರಿ ಅವನು ಗುಂಡು ಹಾರಿಸಿಕೊಂಡು ಸಾಯುತ್ತಾನೆ. ಅಲ್ಲಿಗೆ ಕವಿತೆ ನಿಲ್ಲುತ್ತದೆ. 1966ರಲ್ಲಿ ಪಾಲ್ ಸೈಮನ್ ಇದನ್ನು ಹಾಡು ಮಾಡಿದಾಗ, ಕಥೆ ಹೇಳುವವನನ್ನು ಕೋರಿಯ ಕಾರ್ಖಾನೆಯ ಕೂಲಿಯಾಳಾಗಿಸಿದ. ಒಡೆಯ ಸತ್ತ ಸುದ್ದಿ ಬಂದ ಮೇಲೂ ಪಲ್ಲವಿ ಮರುಕಳಿಸುತ್ತದೆ. ಆ ಕೂಲಿಯಾಳು ಆಗಲೂ ಕೋರಿಯಾಗಲು ಬಯಸುತ್ತಾನೆ! ಯಾಕೆ? ಸಾವಿಗಿಂತ ಹಸಿವು ಹೆಚ್ಚೇ? ಹದಿನಾಲ್ಕರ ಹುಡುಗನೂ ಈ ಪ್ರಶ್ನೆಗೆ ಕೈ ಎತ್ತುತ್ತಾನೆ. ಪಲ್ಲವಿ ಎಂದರೆ ಬರಿಯ ಪುನರುಕ್ತಿಯಲ್ಲ, ಸಂದರ್ಭ ಬದಲಾದಾಗ ಅದೇ ಮಾತಿಗೆ ಬೇರೆ ಅರ್ಥ ಹುಟ್ಟುತ್ತದೆ ಎಂಬ ಪಾಠ ಸುಲಭವಾಗಿ ತಲೆಗಿಳಿಯುತ್ತದೆ. ಮುಖ್ಯವೆಂದರೆ, ಅವನು ಹಿಂದಿರುಗಿ ರಾಬಿನ್ಸನ್ನನ ಕವಿತೆಯನ್ನು ತಾನಾಗಿಯೇ ಓದುತ್ತಾನೆ.

‘ಲಾರ್ಡ್ ರ‍್ಯಾಂಡಲ್’ ಎಂಬುದು ಚೈಲ್ಡ್ ಸಂಗ್ರಹದ 12ನೆಯ ಬ್ಯಾಲಡ್. ತಾಯಿ ಪ್ರಶ್ನೆ ಕೇಳುತ್ತ ಹೋಗುತ್ತಾಳೆ, ಮಗ ಉತ್ತರಿಸುತ್ತ ಹೋಗುತ್ತಾನೆ. ಕೊನೆಗೆ ಅವನಿಗೆ ಪ್ರಿಯತಮೆ ವಿಷವಿಕ್ಕಿದ್ದಾಳೆಂದು ತಿಳಿಯುತ್ತದೆ. 1962ರಲ್ಲಿ ಇಪ್ಪತ್ತೊಂದರ ತರುಣ ಡಿಲನ್ ಇದೇ ಪ್ರಶ್ನೋತ್ತರದ ಚೌಕಟ್ಟನ್ನು ತೆಗೆದುಕೊಂಡು, ಎಲ್ಲಿಗೆ ಹೋಗಿದ್ದೆ, ಏನು ಕಂಡೆ, ಏನು ಕೇಳಿದೆ, ಯಾರು ಸಿಕ್ಕರು, ಇನ್ನೇನು ಮಾಡುವೆ ಎಂಬ ಐದು ಪ್ರಶ್ನೆಗಳ ಮೇಲೆ ‘ಎ ಹಾರ್ಡ್ ರೈನ್ಸ್ ಎ-ಗಾನಾ ಫಾಲ್’ ಕಟ್ಟಿದ. ಒಬ್ಬನಿಗೆ ಬಿದ್ದ ವಿಷ ಇಲ್ಲಿ ಲೋಕಕ್ಕೇ ಬೀಳುತ್ತಿದೆ. ಹಳೆಯ ಲಾವಣಿಯ ಚೌಕಟ್ಟು ಅಣುಬಾಂಬಿನ ಯುಗದ ಭಯವನ್ನು ಹೊತ್ತು ನಿಂತದ್ದನ್ನು ತೋರಿಸಿದರೆ, ‘ಪರಂಪರೆ’ ಎಂಬ ಪದಕ್ಕೆ ಬೇರೆ ವ್ಯಾಖ್ಯಾನ ಬೇಡ. ಸೈಮನ್ ಮತ್ತು ಗಾರ್‌ಫಂಕೆಲ್ 1966ರಲ್ಲಿ ಮನೆಮಾತಾಗಿಸಿದ ‘ಸ್ಕಾರ್‌ಬರೋ ಫೇರ್’ ಕೂಡ ಹೀಗೆಯೇ. ಅದರ ಮೂಲ ಚೈಲ್ಡ್ ಸಂಗ್ರಹದ ಎರಡನೆಯ ಬ್ಯಾಲಡ್. ಸೈಮನ್ ಅದನ್ನು ಲಂಡನ್ನಿನಲ್ಲಿ ಮಾರ್ಟಿನ್ ಕಾರ್ತಿ ಎಂಬ ಜಾನಪದ ಗಾಯಕನಿಂದ ಕಲಿತಿದ್ದ.

ತಂದೆ ತಾಯಂದಿರು ಕೇಳಲೇಬೇಕಾದ ಹಾಡೊಂದು ‘ಸಾರ್ಜೆಂಟ್ ಪೆಪ್ಪರ್’ ತಟ್ಟೆಯಲ್ಲಿದೆ, ‘ಷೀ ಈಸ್ ಲೀವಿಂಗ್ ಹೋಮ್’. ಮನೆ ಬಿಟ್ಟು ಹೋದ ಹುಡುಗಿಯೊಬ್ಬಳ ಪತ್ರಿಕಾ ವರದಿಯಿಂದ ಹುಟ್ಟಿದ್ದು. ನಸುಕಿನಲ್ಲಿ ಮಗಳು ಚೀಟಿ ಬರೆದಿಟ್ಟು ಹೊರಡುತ್ತಾಳೆ. ಕಥನ ಮಗಳ ಹಿಂದೆ ಸಾಗುತ್ತಿರುವಂತೆ ಹಿನ್ನೆಲೆಯಲ್ಲಿ ಇನ್ನೊಂದು ದನಿ ತಂದೆ ತಾಯಿಯರ ಅಳಲನ್ನು ಹೇಳುತ್ತದೆ: ಬದುಕನ್ನೆಲ್ಲ ಅವಳಿಗಾಗಿಯೇ ಸವೆಸಿದೆವಲ್ಲ! ಹಾಡು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಎರಡು ದೃಷ್ಟಿಕೋನಗಳು ಏಕಕಾಲಕ್ಕೆ ಕೇಳಿಸುತ್ತವೆ. ಕಾದಂಬರಿಯ ದೃಷ್ಟಿಕೋನವನ್ನು ವಿವರಿಸಲು ಅಧ್ಯಾಪಕರು ಒಂದು ಗಂಟೆ ಹೆಣಗುವುದನ್ನು ಈ ಹಾಡು ನಾಲ್ಕು ನಿಮಿಷದೊಳಗೆ ಮಾಡಿಬಿಡುತ್ತದೆ.

ಹಾಡಿನೊಳಗೆ ‘ನಾನು’ ಎನ್ನುವವನು ಕವಿಯೇ ಆಗಬೇಕಿಲ್ಲ ಎಂಬುದು ಇನ್ನೊಂದು ಕಠಿಣ ಪಾಠ. ಬ್ರೌನಿಂಗ್‌ನ ‘ಮೈ ಲಾಸ್ಟ್ ಡಚೆಸ್’ (1842) ಕವಿತೆಯಲ್ಲಿ ಮಾತಾಡುವ ಪ್ರಭು ಸೊಗಸಾಗಿ ಮಾತಾಡುತ್ತಲೇ ತನ್ನ ಕ್ರೌರ್ಯವನ್ನು ಬಯಲುಮಾಡಿಕೊಳ್ಳುತ್ತಾನೆ. ಇದು ಅರ್ಥವಾಗದ ಮಕ್ಕಳಿಗೆ ಪೊಲೀಸ್ ತಂಡದ ‘ಎವೆರಿ ಬ್ರೆತ್ ಯು ಟೇಕ್’ (1983) ಕೇಳಿಸಬಹುದು. ಹೊರನೋಟಕ್ಕೆ ಪ್ರೇಮಗೀತೆ; ಮದುವೆಗಳಲ್ಲೂ ಹಾಕುತ್ತಾರೆ. ಕಿವಿಗೊಟ್ಟು ಕೇಳಿದರೆ ಅದು ಬಿಟ್ಟುಹೋದವಳ ಪ್ರತಿ ಹೆಜ್ಜೆಯನ್ನೂ ಕಾಯುತ್ತಿರುವವನ ಮಾತು. ಬರೆದ ಸ್ಟಿಂಗ್ ಒಂದು ಕಾಲಕ್ಕೆ ಶಾಲೆಯ ಉಪಾಧ್ಯಾಯ. ಅದು ಹಿತವಾದ ಹಾಡಲ್ಲವೆಂದು ಅವನೇ ಹೇಳಿದ್ದಾನೆ. ಈ ಹಾಡಿನಿಂದ ಬ್ರೌನಿಂಗ್‌ನ ಪ್ರಭುವಿನ ಅರಮನೆಗೆ ಒಂದೇ ಮೆಟ್ಟಿಲು.

ಛಂದಸ್ಸನ್ನೂ ಹೀಗೆ ಕಲಿಸುತ್ತಾರೆ. ಬ್ಯಾಲಡ್ಡಿನ ನಾಲ್ಕು ಸಾಲುಗಳಲ್ಲಿ ಒಂದು ಮತ್ತು ಮೂರನೆಯದಕ್ಕೆ ನಾಲ್ಕು ಒತ್ತು, ಎರಡು ಮತ್ತು ನಾಲ್ಕನೆಯದಕ್ಕೆ ಮೂರು. ಚರ್ಚಿನ ಅನೇಕ ಪ್ರಾರ್ಥನೆಗಳದೂ ಇದೇ ಅಳತೆ. ಎಮಿಲಿ ಡಿಕಿನ್ಸನ್ನಳ ಎಷ್ಟೋ ಕವಿತೆಗಳು ಇದೇ ಅಳತೆಯಲ್ಲಿವೆ. ಆದ್ದರಿಂದ ಅವನ್ನು ‘ಅಮೇಜಿಂಗ್ ಗ್ರೇಸ್’ ಪ್ರಾರ್ಥನೆಯ ಧಾಟಿಗೆ ಹಾಡಬಹುದು. ಅಮೆರಿಕದ ಅಧ್ಯಾಪಕರಿಗೆ ಇದು ಚಿರಪರಿಚಿತ ಉಪಾಯ. ಒಮ್ಮೆ ಹಾಡಿದ ಮೇಲೆ, ಕವಯಿತ್ರಿ ಎಲ್ಲಿ ಬೇಕೆಂದೇ ತಾಳ ತಪ್ಪಿಸಿದ್ದಾಳೆ, ಎಲ್ಲಿ ಪ್ರಾಸವನ್ನು ಅರ್ಧಕ್ಕೆ ಬಿಟ್ಟಿದ್ದಾಳೆ ಎಂಬುದು ಕಿವಿಗೇ ತಿಳಿಯುತ್ತದೆ.

ಆಕ್ಷೇಪಣೆಗಳು

ಇದಕ್ಕೆ ಆಕ್ಷೇಪಣೆ ಇಲ್ಲದಿಲ್ಲ. ಅವುಗಳಲ್ಲಿ ತಿರುಳೂ ಇದೆ. ಮೊದಲನೆಯದು, ಧಾಟಿ ಕಳಚಿದ ಹಾಡು ಎಷ್ಟೋ ಸಲ ಬಡಕಲಾಗಿ ಕಾಣುತ್ತದೆ. ವಾದ್ಯ, ಕಂಠ, ಉಸಿರು ಇವು ಹೊತ್ತಿದ್ದ ಭಾರ ಕಾಗದದ ಮೇಲೆ ಕಾಣುವುದಿಲ್ಲ. ಕವಿತೆಯಾದರೋ ತನ್ನ ಸಂಗೀತವನ್ನು ಮಾತಿನಲ್ಲಿಯೇ ಹುದುಗಿಸಿಟ್ಟುಕೊಂಡಿರುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಎರಡಕ್ಕೂ ಅನ್ಯಾಯ. ಎರಡನೆಯದು, ಮೇಷ್ಟ್ರಿಗೆ ಇಷ್ಟವಾದ ‘ಹೊಸ’ ಹಾಡು ಮಕ್ಕಳ ಪಾಲಿಗೆ ಅಜ್ಜನ ಕಾಲದ್ದು. ಮಕ್ಕಳಿಗೆ ಇಷ್ಟವಾದದ್ದನ್ನು ಮೇಷ್ಟ್ರು ಕೊಯ್ದು ವಿಶ್ಲೇಷಣೆ ಮಾಡಿದರೆ ಅದರ ಸುಖವೇ ಹೋಗುತ್ತದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಬಾಗಿಲಲ್ಲೇ ನಿಂತುಬಿಡುವ ಅಪಾಯ. ಹಾಡಿನಿಂದ ಆರಂಭಿಸಿ ಹಾಡಿನಲ್ಲೇ ಮುಗಿಸಿದರೆ ಬ್ರೌನಿಂಗ್, ಡಿಕಿನ್ಸನ್ ಯಾರೂ ಸಿಗುವುದಿಲ್ಲ. ಸ್ವಂತ ಬಲದಿಂದ ಮಕ್ಕಳು ಎಂದೂ ತಲುಪದಿದ್ದ ಕಡೆಗೆ ಅವರನ್ನು ಕರೆದೊಯ್ಯುವುದೇ ಶಾಲೆಯ ಕೆಲಸ. ಅವರಿಗೆ ಆಗಲೇ ಗೊತ್ತಿರುವುದನ್ನು ಮತ್ತೆ ಬಡಿಸುವುದಕ್ಕೆ ಶಾಲೆ ಬೇಕಿಲ್ಲ.

ಈ ಮೂರನೆಯ ಮಾತನ್ನು ನಾವು ಪೂರ್ತಿ ಒಪ್ಪುತ್ತೇವೆ. ಈ ವಿಧಾನಕ್ಕೆ ಪರೀಕ್ಷೆ ಒಂದೇ: ಹಾಡು ಮುಗಿದ ಮೇಲೆ ವಿದ್ಯಾರ್ಥಿ ಪುಸ್ತಕ ತೆರೆದನೇ? ತೆರೆದಿದ್ದರೆ ಪಾಠ ಗೆದ್ದಿತು. ಇಲ್ಲವಾದರೆ ಅದು ಮನರಂಜನೆ ಮಾತ್ರ. 1978ರಲ್ಲಿ ಕೇಟ್ ಬುಷ್ ಎಂಬ ಹತ್ತೊಂಬತ್ತರ ಹುಡುಗಿ ‘ವದರಿಂಗ್ ಹೈಟ್ಸ್’ ಕಾದಂಬರಿಯ ಹೆಸರಿನಲ್ಲೇ ಹಾಡು ಬರೆದು ಇಂಗ್ಲೆಂಡಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದಳು. 1984ರಲ್ಲಿ ಐರನ್ ಮೇಡನ್ ಎಂಬ ಅಬ್ಬರದ ತಂಡ ಕೋಲ್‌ರಿಜ್‌ನ ಮುದಿ ನಾವಿಕನ ಕಥೆಯನ್ನು ಹದಿಮೂರು ನಿಮಿಷ ಮೀರಿದ ಹಾಡನ್ನಾಗಿ ಮಾಡಿತು. ಇಂಥವು ತಾವೇ ಪುಸ್ತಕದತ್ತ ಬೆರಳು ತೋರಿಸುವ ಹಾಡುಗಳು.

ಮುದುಕಿಯ ಮಾತು ಮತ್ತ

ಡಿಲನ್‌ಗೆ ಪಾರಿತೋಷಕ ಘೋಷಿಸಿದಾಗ ಸ್ವೀಡಿಷ್ ಅಕಾಡೆಮಿಯ ಕಾರ್ಯದರ್ಶಿ ಸಾರಾ ದಾನಿಯಸ್ ಹೋಮರನನ್ನೂ ಸಾಫೋಳನ್ನೂ ನೆನಪಿಸಿದರು. ಅವರ ಕಾವ್ಯವೂ ವಾದ್ಯದೊಡನೆ ಕೇಳಲೆಂದೇ ಹುಟ್ಟಿತ್ತು ಎಂಬುದು ಅವರ ಸಮರ್ಥನೆ. ನಮ್ಮವರಿಗೆ ಅದು ಹೊಸ ಮಾತಾಗಬೇಕಿರಲಿಲ್ಲ. 1913ರಲ್ಲಿ ಇದೇ ಪಾರಿತೋಷಕ ಪಡೆದ ರವೀಂದ್ರರ ‘ಗೀತಾಂಜಲಿ’ಯ ಹೆಸರಲ್ಲೇ ಗೀತವಿದೆ, ಅವರು ಎರಡು ಸಾವಿರಕ್ಕೂ ಮಿಕ್ಕ ಹಾಡುಗಳನ್ನು ಕಟ್ಟಿ ಸ್ವರ ಹಾಕಿದವರು.

2017ರ ಜೂನ್ ತಿಂಗಳಲ್ಲಿ ಡಿಲನ್ ತಮ್ಮ ನೊಬೆಲ್ ಉಪನ್ಯಾಸವನ್ನು ಒಪ್ಪಿಸಿದರು. ಶಾಲೆಯಲ್ಲಿ ಓದಿದ ‘ಮೋಬಿ ಡಿಕ್’, ‘ಆಲ್ ಕ್ವೈಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಮತ್ತು ‘ಒಡಿಸ್ಸಿ’ ತಮ್ಮ ಹಾಡುಗಳೊಳಗೆ ಹೇಗೆ ಇಳಿದವೆಂದು ಹೇಳಿದರು. ಕೊನೆಯಲ್ಲಿ, ನಾಟಕ ಆಡುವುದಕ್ಕಿರುವಂತೆ ಹಾಡು ಇರುವುದು ಹಾಡುವುದಕ್ಕೆ, ಪುಟದ ಮೇಲೆ ಓದುವುದಕ್ಕಲ್ಲ ಎಂದರು. ಎರಡು ಶತಮಾನಗಳ ಹಿಂದೆ ಸ್ಕಾಟ್‌ಲೆಂಡಿನ ಗಡಿನಾಡಿನ ಆ ಮುದುಕಿ ಆಡಿದ ಮಾತೇ ಅದು! ಆಕೆ ಒಂದು ಅಂಶದಲ್ಲಿ ಮಾತ್ರ ತಪ್ಪಿದಳು. ಅಚ್ಚಾದ ಮೇಲೂ ಹಾಡು ಸಾಯಲಿಲ್ಲ. ಅಚ್ಚಿನ ಪುಟದಿಂದಲೇ ಎಷ್ಟೋ ಹೊಸ ಹಾಡುಗಳು ಹುಟ್ಟಿದವು.

ಇಂದು ಈ ಪಾಠಕ್ರಮ ದೊಡ್ಡ ವಿದ್ಯಾಲಯಗಳನ್ನೂ ಮುಟ್ಟಿದೆ. ರ‍್ಯಾಪ್ ಹಾಡುಗಳ ಬೃಹತ್ ಸಂಕಲನವನ್ನು ಯೇಲ್ ವಿಶ್ವವಿದ್ಯಾನಿಲಯದ ಮುದ್ರಣಾಲಯ 2010ರಲ್ಲಿ ಹೊರತಂದಿತು. ಹಾರ್ವರ್ಡಿನ ಇಂಗ್ಲಿಷ್ ವಿಭಾಗದಲ್ಲಿ 2024ರಲ್ಲಿ ಟೇಲರ್ ಸ್ವಿಫ್ಟ್‌ಳ ಹಾಡುಗಳನ್ನು ಕುರಿತು ಪಾಠ ನಡೆಯಿತು. ಚೈಲ್ಡ್ ಪಂಡಿತರು ಬ್ಯಾಲಡುಗಳನ್ನು ಎಣಿಸುತ್ತ ಕುಳಿತಿದ್ದ ಅದೇ ಹಾರ್ವರ್ಡ್ ಎಂಬುದನ್ನು ನೆನೆದರೆ, ಚಕ್ರ ಒಂದು ಸುತ್ತು ತಿರುಗಿದಂತೆ ತೋರುತ್ತದೆ.

ನಮಗೇನು ಇದರಿಂದ?

ಇಷ್ಟು ದೂರದ ಕಥೆಯನ್ನು ಸಂಘದ ಪತ್ರಿಕೆಯಲ್ಲಿ ಹೇಳುವ ಉದ್ದೇಶವೇನೆಂದು ಓದುಗರು ಕೇಳಬಹುದು. ಉದ್ದೇಶ ಎರಡು.

ಮೊದಲನೆಯದು, ನಮ್ಮ ಮಕ್ಕಳ ಇಂಗ್ಲಿಷ್ ಹಾಡುಗಳನ್ನು ಕಂಡು ಸಿಡುಕುವ ಮೊದಲು, ಆ ಹಾಡಿನಲ್ಲಿ ಮಾತಾಡುತ್ತಿರುವವನು ಯಾರು, ಯಾರಿಗೆ ಹೇಳುತ್ತಿದ್ದಾನೆ, ಪಲ್ಲವಿ ಕೊನೆಯಲ್ಲಿ ಬೇರೆ ಅರ್ಥ ಕೊಡುತ್ತಿದೆಯೇ ಎಂದು ಒಮ್ಮೆ ಕೇಳಿ ನೋಡೋಣ. ಇದಕ್ಕೆ ಎಂ.ಎ. ಪದವಿ ಬೇಕಿಲ್ಲ. ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿದ ಮಗು ಪಠ್ಯಪುಸ್ತಕದ ಪದ್ಯಕ್ಕೂ ಅವೇ ಪ್ರಶ್ನೆಗಳನ್ನು ಹಾಕಬಲ್ಲದು.

ಎರಡನೆಯದು ಕನ್ನಡದ ಮಾತು. ಹೊರನಾಡಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡವನ್ನು ಮಾತಾಡುತ್ತಾರೆ, ಓದಲಾರರು. ಅಕ್ಷರದಿಂದ ಆರಂಭಿಸಿದರೆ ಅವರಿಗೆ ಕನ್ನಡವೂ ಇನ್ನೊಂದು ಪರೀಕ್ಷೆಯ ವಿಷಯ. ಆದರೆ ಅವರ ಕಿವಿ ಕನ್ನಡದ್ದೇ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಧಾಟಿ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಬಂದಾಗ ಅದು ಹೊರನಾಡಿನ ಮನೆಗಳಿಗೂ ತಲುಪಿತು. ಕವಿತೆ ಓದದವರೂ ಕವಿತೆ ಕೇಳಿದರು. ಶರೀಫರ ತತ್ವಪದಗಳು, ಬೇಂದ್ರೆಯವರ ಹಾಡುಗಳು, ದಾಸರ ಪದಗಳು ಎಲ್ಲವೂ ಹೀಗೆ ಕಿವಿಯ ದಾರಿಯಲ್ಲಿ ಕಾದು ನಿಂತಿವೆ.

ಭಾವಗೀತೆಯ ಸಂಜೆಗಳನ್ನು ನಮ್ಮ ಸಂಘಗಳು ಏರ್ಪಡಿಸುತ್ತಲೇ ಬಂದಿವೆ. ಹಾಡಾಗುತ್ತದೆ, ಚಪ್ಪಾಳೆಯಾಗುತ್ತದೆ, ಉಪ್ಪಿಟ್ಟು ಕಾಫಿಯಾಗುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ. ಇನ್ನು ಮುಂದೆ ಹಾಡಿನ ಹಾಳೆಯೊಂದನ್ನು ಪ್ರತಿ ಮಗುವಿನ ಕೈಗೂ ಕೊಟ್ಟು, ಹಾಡು ಮುಗಿದ ಮೇಲೆ ಹತ್ತು ನಿಮಿಷ ಅದರ ಮಾತುಗಳನ್ನು ಕುರಿತು ಅವರಿಂದಲೇ ಮಾತಾಡಿಸಿದರೆ ಹೇಗೆ? ಭಾನುವಾರದ ಕನ್ನಡ ತರಗತಿಯನ್ನು ಕಾಗುಣಿತದಿಂದ ತೊಡಗುವ ಬದಲು ಒಂದು ಹಾಡಿನಿಂದ ತೊಡಗಿದರೆ ಹೇಗೆ? ಇಂಗ್ಲಿಷಿನ ಅಧ್ಯಾಪಕರೊಬ್ಬರು ಒಂದು ಭಾಷೆಯ ಗೀತಗಳಿಂದ ಇನ್ನೊಂದು ಭಾಷೆಗೆ ಹೊಸ ಬಾಳು ತಂದುಕೊಟ್ಟ ನಾಡು ನಮ್ಮದು. ಆ ಕೆಲಸದ ಒಂದು ಸಣ್ಣ ಪಾಲನ್ನು ನಮ್ಮ ಸಂಘದ ಕೋಣೆಯಲ್ಲಿ ಮಾಡಲು ನಮಗೆ ಬೇಕಾದುದು ಒಂದು ಹಾಡು, ಒಂದು ಹಾಳೆ, ಹತ್ತು ನಿಮಿಷ.